ಹುಟ್ಟೂರಿಗೇ ಟೂರು ಹೊರಟವರ ಪ್ರಶ್ನೆಗಳು

ಸ್ವಂತ ಊರನ್ನು ಹೊರಗಿನಿಂದ ಬಂದವರ ಹಾಗೆ ಸುತ್ತಿ ನೋಡಲು ಏನು ಅಡ್ಡಿ ಎಂದು ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೇಳಿದ್ದೆವು. ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ. ಮೊದಲೇ ಒಂದು ಮಾತು. ಪ್ರವಾಸಿಗೆ ಇರುವುದು ಒಂದೇ ದಿನ. ಊರಿನವರಿಗೆ ಸರಿಯಾದ ಹೊತ್ತಿಗೆ ಹೋಗುವ, ಬೇಡವೆನಿಸಿದರೆ ವಾಪಸು ಬಂದು ಮತ್ತೆ ಹೋಗುವ ಅನುಕೂಲವಿದೆ. ಹಾಗಾಗಿ ಪ್ರವಾಸಿಗರ ಪಟ್ಟಿಯನ್ನೇ ಹಿಡಿದು ಹೊರಡುವುದರಲ್ಲಿ ಹುರುಳಿಲ್ಲ. ಈ ಉತ್ತರಗಳಲ್ಲಿ ‘ಎಲ್ಲಿಗೆ’ ಎನ್ನುವುದಕ್ಕಿಂತ ‘ಎಷ್ಟು ಹೊತ್ತಿಗೆ’ ಎನ್ನುವ ಮಾತೇ ಹೆಚ್ಚು ಬಂದರೆ ಅದಕ್ಕೆ ಕಾರಣ ಇದೇ.

ಪ್ರಶ್ನೆ: ಹುಟ್ಟಿದ್ದು, ಬೆಳೆದದ್ದು ಮೈಸೂರಿನಲ್ಲೇ. ನೆಂಟರು ಬಂದಾಗ ಅರಮನೆ, ಬೆಟ್ಟ, ಝೂ ತೋರಿಸಿ ಸಾಕಾಗಿದೆ. ನನಗಾಗಿ ಒಂದು ಭಾನುವಾರ ಇಟ್ಟುಕೊಂಡರೆ ಹೇಗೆ ಸುತ್ತಲಿ? (ಓದುಗರು, ಮೈಸೂರು)

ಉತ್ತರ: ಬೆಳಗ್ಗೆ ಆರೂಕಾಲಕ್ಕೆ ಚಿಕ್ಕ ಗಡಿಯಾರದ ಹತ್ತಿರ ಇರಿ. ಗಾಡಿ ಮನೆಯಲ್ಲೇ ಬಿಡಿ. ಗಾಡಿ ತಂದರೆ ಅದನ್ನು ನಿಲ್ಲಿಸಿದ ಜಾಗಕ್ಕೇ ಹಿಂದಿರುಗಬೇಕಾಗುತ್ತದೆ, ಇಡೀ ನಡಿಗೆ ಒಂದು ಗಿರಕಿಯಾಗಿ ಮುಗಿಯುತ್ತದೆ. ವೈಸ್‌ರಾಯ್ ಡಫರಿನ್ ಸಾಹೇಬರ ನೆನಪಿಗೆ 1886ರಲ್ಲಿ ಕಟ್ಟಿದ ಈ ಗಡಿಯಾರ ಗೋಪುರದ ಪಕ್ಕದಲ್ಲೇ ದೇವರಾಜ ಮಾರುಕಟ್ಟೆಯ ದಕ್ಷಿಣದ ಬಾಗಿಲು. ಹೂವಿನ ವ್ಯಾಪಾರ ಬಿರುಸಾಗಿರುವುದು ಬೆಳಗಿನ ಮೊದಲ ಹೊತ್ತಿನಲ್ಲಿ. ಎಂಟೂವರೆ ದಾಟಿದರೆ ಚಿಲ್ಲರೆ ಗಿರಾಕಿಗಳ ಗದ್ದಲ, ಹತ್ತಾದರೆ ಕುಂಕುಮದ ಗೋಪುರಗಳ ಮುಂದೆ ಕ್ಯಾಮೆರಾದವರ ಸಾಲು. ನೀವು ಹೂವಿನ ಸಾಲಿನಿಂದ ಶುರುಮಾಡಿ ಬಾಳೆಎಲೆ, ವೀಳ್ಯದೆಲೆ, ಬಾಳೆಹಣ್ಣಿನ ಸಾಲುಗಳಿಗೆ ಹೋಗಿ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ‘ಇದು ಯಾವೂರಿನದು’ ಎಂದು ಪ್ರತಿ ಅಂಗಡಿಯಲ್ಲೂ ಕೇಳಿ ನೋಡಿ. ಮಲ್ಲಿಗೆಗಾಗಿಯೇ ಹೋಗುವುದಾದರೆ ಬೇಸಿಗೆಯೇ ಆಗಬೇಕು. ತಲೆ ಎತ್ತಿ ಕಟ್ಟಡವನ್ನೂ ನೋಡಿ. ಉತ್ತರದ ಬಾಗಿಲ ಕಡೆಯ ಒಂದು ಭಾಗ 2016ರಲ್ಲಿ ಕುಸಿದಿತ್ತು. ಹಳೆಯ ಗೋಡೆಗೆ ಹೊಸ ಮಳಿಗೆ, ನೀರಿನ ಪೈಪು, ಜಾಹೀರಾತಿನ ಚೌಕಟ್ಟು ಜೋಡಿಸುತ್ತ ಹೋದರೆ ಏನಾಗುತ್ತದೆ ಎನ್ನುವುದು ಅಲ್ಲಿ ಬರಿಗಣ್ಣಿಗೇ ಕಾಣುತ್ತದೆ.

ಅಲ್ಲಿಂದ ಪುರಭವನಕ್ಕೆ ಹತ್ತು ನಿಮಿಷದ ನಡಿಗೆ. ಎದುರಿಗಿರುವ ದೊಡ್ಡ ಗಡಿಯಾರವನ್ನು ದಿನವೂ ನೋಡಿರುತ್ತೀರಿ, ಆದರೆ ಅದರ ಮುಖದ ಮೇಲಿರುವುದು ಕನ್ನಡ ಅಂಕಿಗಳು ಎಂದರೆ ಎಷ್ಟೋ ಮೈಸೂರಿನವರೇ ನಂಬುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿದ್ದು, ಎತ್ತರ 75 ಅಡಿ. ಪುರಭವನ ದಿವಾನ್ ರಂಗಾಚಾರ್ಲು ಅವರ ಸ್ಮಾರಕ. 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರುವಾದದ್ದು ಅವರ ಕಾಲದಲ್ಲಿ. ಇಷ್ಟಕ್ಕೆ ಎಂಟು ಗಂಟೆಯಾಗಿರುತ್ತದೆ. ತಿಂಡಿ ತಿಂದು ಜಗನ್ಮೋಹನ ಅರಮನೆಗೆ ಹೋಗಿ. 1861ರ ಕಟ್ಟಡ. ಮರದ ಹಳೇ ಅರಮನೆ 1897ರಲ್ಲಿ ಸುಟ್ಟುಹೋಗಿ, 1912ರಲ್ಲಿ ಈಗಿನದು ಮುಗಿಯುವವರೆಗಿನ ನಡುವಿನ ಕಾಲದಲ್ಲಿ, 1902ರಲ್ಲಿ ನಾಲ್ವಡಿಯವರ ಅಧಿಕಾರ ಸ್ವೀಕಾರ ನಡೆದದ್ದು ಇಲ್ಲೇ. ಚಿತ್ರಶಾಲೆಯನ್ನೆಲ್ಲ ಒಂದೇ ಸಲಕ್ಕೆ ನೋಡಲು ಹೋಗಬೇಡಿ. ಒಂದು ಮಹಡಿ ಸಾಕು, ಇನ್ನೊಂದು ಭಾನುವಾರ ಎಲ್ಲಿಗೂ ಹೋಗಿಲ್ಲ.

ಹನ್ನೊಂದಕ್ಕೆ ಮನೆಗೆ ಹೋಗಿ ಊಟ ಮಾಡಿ ಮಲಗಿ. ಹೋಟೆಲಿಗೆ ದುಡ್ಡು ಕೊಟ್ಟಿರುವ ಪ್ರವಾಸಿ ಉರಿಬಿಸಿಲಲ್ಲೂ ಅಲೆಯಲೇಬೇಕು. ನಿಮಗೆ ಆ ಕರ್ಮವಿಲ್ಲ.

ಸಂಜೆ ನಾಲ್ಕಕ್ಕೆ ಚಾಮರಾಜಪುರಂ ಕಡೆಯಿಂದ ಹೊರಡಿ. 1890ರ ದಶಕದ ಕೊನೆಗೆ ಬಂದ ಪ್ಲೇಗಿನ ನಂತರ ಊರನ್ನು ಗಾಳಿ ಬೆಳಕು ಬರುವಂತೆ ಹರಡುವ ಕೆಲಸ ಜೋರಾಯಿತು. 1903ರಲ್ಲಿ ನಗರಾಭಿವೃದ್ಧಿಗೆಂದೇ ಟ್ರಸ್ಟ್ ಬೋರ್ಡ್ ಬಂತು. ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನ ನಡುವೆ ಒಂದು ಸಣ್ಣ ಓಣಿ ಕಂಡರೆ ಅದೇ ಕನ್ಸರ್ವೆನ್ಸಿ ಗಲ್ಲಿ. ಮಲ ಹೊರುವ ಕೆಲಸದವರು ಮುಂಬಾಗಿಲ ಬೀದಿಗೆ ಬರದಿರಲೆಂದು ಮಾಡಿದ ದಾರಿ ಅದು. ಅಂದವಾದ ಊರಿನ ಈ ಬೆನ್ನನ್ನೂ ನೋಡಿ. ಅಲ್ಲಿಂದ ಕೃಷ್ಣರಾಜ ಬುಲೆವಾರ್ಡಿನ ಮರಗಳ ಕೆಳಗೆ ನಡೆದರೆ ಪ್ರಾಚ್ಯವಿದ್ಯಾ ಸಂಶೋಧನಾಲಯ. 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಗುರುತಿಸಿದ್ದು ಈ ಸಂಸ್ಥೆಯಲ್ಲಿ. ಭಾನುವಾರ ಹೊರಗಿನಿಂದಲೇ ನೋಡಬೇಕು. ಒಳಗೆ ಹೋಗುವ ಆಸೆಯಿದ್ದರೆ ಕೆಲಸದ ದಿನ ಮೊದಲೇ ವಿಚಾರಿಸಿ ಹೋಗಿ. ಐದೂಕಾಲಕ್ಕೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದದ್ದು. ಸುತ್ತು ಸುಮಾರು ಐದು ಕಿಲೋಮೀಟರ್, ಕತ್ತಲಾಗುವ ಮೊದಲು ಅರ್ಧ ಸುತ್ತು ಧಾರಾಳ. ಕಾಲಲ್ಲಿ ಇನ್ನೂ ಬಲವಿದ್ದರೆ ಏಳಕ್ಕೆ ಅರಮನೆಯ ದೀಪ. ಲಕ್ಷದ ಹತ್ತಿರ ಬಲ್ಬುಗಳು ಒಂದೇ ಏಟಿಗೆ ಹೊತ್ತುವ ಆ ಕ್ಷಣ ನೋಡಬೇಕೆಂದರೆ ಹದಿನೈದು ನಿಮಿಷ ಮುಂಚೆ ಇರಬೇಕು.

ಬೆಟ್ಟವನ್ನು ಇದೇ ದಿನಕ್ಕೆ ತುರುಕಬೇಡಿ. ಅದಕ್ಕೆ ಬೇರೆ ಬೆಳಗು ಇಟ್ಟುಕೊಂಡು, ಸಾವಿರ ಮೆಟ್ಟಿಲನ್ನು ಹತ್ತಿ 201ನೇ ನಂಬರಿನ ಬಸ್ಸಿನಲ್ಲಿ ಇಳಿಯಿರಿ. ಮಂಡಿ ನೋಯಿಸುವುದು ಹತ್ತುವುದಕ್ಕಿಂತ ಇಳಿಯುವುದೇ.

ಪ್ರಶ್ನೆ: ಮೈಸೂರು, ಹಂಪಿಯವರಿಗೆ ಈ ಮಾತು ಸರಿ. ನಮ್ಮದು ತುಮಕೂರು ಜಿಲ್ಲೆಯ ಹೋಬಳಿ ಊರು. ಒಂದು ಕೆರೆ, ಎರಡು ಗುಡಿ, ಒಂದು ಬಸ್ ಸ್ಟ್ಯಾಂಡು. ನೋಡಲು ಏನಿದೆ? (ಓದುಗರು, ತುಮಕೂರು ಜಿಲ್ಲೆ)

ಉತ್ತರ: ಈ ಬಗೆಯ ಪತ್ರಗಳೇ ಹೆಚ್ಚು ಬಂದಿವೆ. ಆದ್ದರಿಂದ ಇದಕ್ಕೆ ಉದ್ದ ಉತ್ತರ.

ಮೊದಲು ಊರಿನ ಶಾಸನಗಳನ್ನು ಹುಡುಕಿ. ಬಿ.ಎಲ್. ರೈಸ್ ಹಳೇ ಮೈಸೂರು ಸೀಮೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹನ್ನೆರಡು ಸಂಪುಟಗಳಲ್ಲಿ ತಂದರು. ಜಿಲ್ಲೆವಾರು ಸಂಪುಟ, ಒಳಗೆ ತಾಲ್ಲೂಕುವಾರು ಸಂಖ್ಯೆ. 3 ಮತ್ತು 4 ಮೈಸೂರು, 5 ಹಾಸನ, 6 ಕಡೂರು, 7 ಮತ್ತು 8 ಶಿವಮೊಗ್ಗ, 9 ಬೆಂಗಳೂರು, 10 ಕೋಲಾರ, 11 ಚಿತ್ರದುರ್ಗ, 12 ತುಮಕೂರು. ನಿಮಗೆ ಬೇಕಾದದ್ದು ಹನ್ನೆರಡನೆಯದು. ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಉತ್ತರ ಕರ್ನಾಟಕದವರು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಕನ್ನಡ ಸಂಪುಟಗಳನ್ನೂ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಸಂಪುಟಗಳನ್ನೂ ನೋಡಬೇಕು.

ಇಲ್ಲಿ ಹೆಚ್ಚಿನವರು ಎಡವುವುದು ಎರಡು ಕಡೆ. ಒಂದು, ಆಗಿನ ಜಿಲ್ಲೆ ಈಗಿನ ಜಿಲ್ಲೆಯಲ್ಲ. ಮಂಡ್ಯ, ಚಾಮರಾಜನಗರದವರು ಮೈಸೂರು ಸಂಪುಟಗಳಲ್ಲಿ, ಚಿಕ್ಕಬಳ್ಳಾಪುರದವರು ಕೋಲಾರದಲ್ಲಿ, ದಾವಣಗೆರೆಯವರು ಚಿತ್ರದುರ್ಗದಲ್ಲಿ ಹುಡುಕಬೇಕು. ಎರಡು, ಹೆಸರು. ಕನಕಪುರ ಅಲ್ಲಿ ಕಾನಕಾನಹಳ್ಳಿ. ಊರಿನ ಹೆಸರು ಸಿಗದಿದ್ದರೆ ಹೋಬಳಿಯ ಹೆಸರು, ಪಕ್ಕದ ಬೇಚಿರಾಕ್ ಗ್ರಾಮದ ಹೆಸರು ಹಿಡಿದು ನೋಡಿ. ಜನ ಬಿಟ್ಟುಹೋದ ಊರಿನ ಹೆಸರು ಪಹಣಿಯಲ್ಲಿ ಉಳಿದಿರುತ್ತದೆ.

ಆಮೇಲೆ ನಕ್ಷೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯ ಹಾಳೆಯನ್ನು ಇಲಾಖೆಯ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಇಳಿಸಿಕೊಳ್ಳಬಹುದು. ನೆಲದ ಒಂದು ಕಿಲೋಮೀಟರ್ ಹಾಳೆಯಲ್ಲಿ ಎರಡು ಸೆಂಟಿಮೀಟರ್. ಕೆರೆ, ಹಳ್ಳ, ಗುಡಿ, ಹಳೆಯ ಬಂಡಿದಾರಿ ಎಲ್ಲ ಅದರಲ್ಲಿದೆ. ಕೈಯಲ್ಲಿ ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪ್ ಇರಲಿ, ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಗ್ರಾಮನಕ್ಷೆಯಲ್ಲಿ ಕೆರೆ ಎಂದಿರುವ ಕಡೆ ನೀವು ಮನೆಗಳ ನಡುವೆ ನಿಂತಿದ್ದರೆ ಅದೂ ಊರಿನ ಚರಿತ್ರೆಯೇ.

ಹುಡುಕಲು ಹೋದಾಗ ‘ಶಾಸನ ಎಲ್ಲಿದೆ’ ಎಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ‘ಬರಹ ಇರೋ ಕಲ್ಲು’, ‘ವೀರರ ಗುಡಿ’, ‘ಮಾಸ್ತಮ್ಮ ಎಲ್ಲಿ’ ಎಂದು ಕೇಳಿ. ಪುಸ್ತಕದಲ್ಲಿ ‘ಇಂಥವರ ಹೊಲದಲ್ಲಿ’ ಎಂದಿದ್ದರೆ ಹೊಲ ಮೂರು ಕೈ ಬದಲಾಗಿರುತ್ತದೆ. ಕಲ್ಲು ಬದುವಿಗೆ ಬಂದಿರಬಹುದು, ಅರ್ಧ ಹೂತಿರಬಹುದು, ಮೋರಿಗೆ ಹಾಸಾಗಿರಬಹುದು, ಅಶ್ವತ್ಥಕಟ್ಟೆ ಸೇರಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಊರಿನ ಹಿರಿಯರಿಗೋ ಪಂಚಾಯಿತಿ ಸದಸ್ಯರಿಗೋ ಮೊದಲೇ ತಿಳಿಸಿ, ಹೊಲದವರ ಒಪ್ಪಿಗೆ ಕೇಳಿ, ಹಗಲಲ್ಲೇ ಹೋಗಿ. ನಿಧಿಗಳ್ಳರ ಕಾಟದಿಂದ ಬೇಸತ್ತ ಊರುಗಳಲ್ಲಿ ಕಲ್ಲಿನ ಸುತ್ತ ಅಡ್ಡಾಡುವ ಅಪರಿಚಿತರನ್ನು ಅನುಮಾನದಿಂದ ನೋಡುವುದು ತಪ್ಪೂ ಅಲ್ಲ. ಹಾರೆ, ಗುದ್ದಲಿ ಒಯ್ಯಲೇಬೇಡಿ.

ಕಲ್ಲು ಸಿಕ್ಕಿತು ಎನ್ನಿ. ಓದಲು ಬರದಿದ್ದರೂ ಗುರುತು ಹಿಡಿಯಬಹುದು. ಮೂರು ಅಂತಸ್ತಿನ ಚಿತ್ರವಿದ್ದರೆ ವೀರಗಲ್ಲು. ಕೆಳಗಿನಿಂದ ಮೇಲಕ್ಕೆ ನೋಡಬೇಕು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದ ಮುಂದೆ ವೀರ, ತುದಿಯಲ್ಲಿ ಸೂರ್ಯಚಂದ್ರ. ಕೆಳಗಿನ ಪಟ್ಟಿಯಲ್ಲಿ ದನಗಳಿದ್ದರೆ ತುರುಗೋಳಿನಲ್ಲಿ, ಅಂದರೆ ದನ ಹೊಡೆದೊಯ್ಯುವಾಗಿನ ಕಾದಾಟದಲ್ಲಿ ಮಡಿದವನು. ಹುಲಿ, ಹಂದಿ ಇದ್ದರೆ ಬೇಟೆಯಲ್ಲಿ. ಕಂಬದಿಂದ ಹೊರಟ ಬಳೆ ತೊಟ್ಟ ತೋಳು ಕಂಡರೆ ಮಾಸ್ತಿಕಲ್ಲು, ಸಹಗಮನ ಮಾಡಿದವಳ ನೆನಪಿನದು. ಚಿತ್ರ ಚಿಕ್ಕದಾಗಿ ಬರೀ ಲಿಂಗವಿದ್ದರೆ ಶೈವ ದತ್ತಿಯ ಎಲ್ಲೆಗಲ್ಲು, ಕೊಡೆ ಕಮಂಡಲ ಹಿಡಿದ ವಾಮನನಿದ್ದರೆ ಬ್ರಾಹ್ಮಣರಿಗೆ ಬಿಟ್ಟ ಭೂಮಿಯದು, ಮುಕ್ಕೊಡೆ (ಒಂದರ ಮೇಲೊಂದು ಮೂರು ಕೊಡೆ) ಇದ್ದರೆ ಜಿನಾಲಯದ್ದು. ಇಂಥ ಎಲ್ಲೆಗಲ್ಲುಗಳನ್ನು ನಕ್ಷೆಯ ಮೇಲೆ ಗುರುತು ಮಾಡುತ್ತ ಹೋದರೆ ಎಂಟುನೂರು ವರ್ಷದ ಹಿಂದಿನ ಒಂದು ಹೊಲದ ಆಕಾರವೇ ಮೂಡುವುದುಂಟು.

ಅಕ್ಷರ ಕಾಣಬೇಕೆಂದರೆ ಓರೆಬೆಳಕು ಬೇಕು. ಎದುರಿನಿಂದ ನೇರವಾಗಿ ಬಿದ್ದ ಬಿಸಿಲಲ್ಲಿ ಸವೆದ ಅಕ್ಷರ ಮಾಯವಾಗುತ್ತದೆ. ಪೂರ್ವಕ್ಕೆ ಮುಖ ಮಾಡಿದ ಕಲ್ಲಿಗೆ ಬಿಸಿಲು ಮುಖದಿಂದ ಪಕ್ಕಕ್ಕೆ ಸರಿಯುವ ಒಂಬತ್ತು ಹತ್ತರ ಹೊತ್ತು, ಪಶ್ಚಿಮದ್ದಕ್ಕೆ ಮಧ್ಯಾಹ್ನ ಎರಡರಿಂದ ಮೂರೂವರೆ. ಉತ್ತರಕ್ಕೆ ತಿರುಗಿದ್ದರೆ ವರ್ಷದ ಬಹುಪಾಲು ಬಿಸಿಲೇ ಬೀಳದು. ಮೋಡದ ದಿನವೋ ನೆರಳಿನಲ್ಲೋ ಟಾರ್ಚನ್ನು ಕಲ್ಲಿನ ಅಂಚಿಗೆ ತಾಗಿದಂತೆ, ಮೈಗೆ ಸವರುವ ಹಾಗೆ ಹಿಡಿದು, ಒಮ್ಮೆ ಎಡದಿಂದ ಒಮ್ಮೆ ಬಲದಿಂದ ಫೋಟೊ ತೆಗೆಯಿರಿ. ಪಕ್ಕದಲ್ಲಿ ಒಂದು ಅಡಿಪಟ್ಟಿ ಇಟ್ಟರೆ ಅಳತೆ ತಿಳಿಯುತ್ತದೆ. ಸೀಮೆಸುಣ್ಣ, ಮೈದಾ, ವಿಭೂತಿ ಬಳಿಯಬೇಡಿ. ಬಳಿದವರು ತಮಗೆ ಕಂಡ ಅಕ್ಷರವನ್ನು ಕಲ್ಲಿನ ಮೇಲೆ ತಿದ್ದಿ ಹೋಗುತ್ತಾರೆ, ಮುಂದೆ ಬಂದವರಿಗೆ ನಿಜವಾದ ಗೆರೆ ಯಾವುದು ಎಂದೇ ತಿಳಿಯುವುದಿಲ್ಲ. ಹಿಟ್ಟಿಗೆ ಇರುವೆ, ಬೂಷ್ಟು ಬೇರೆ. ತಂತಿಬ್ರಷ್ಷಂತೂ ಪಾಚಿಯ ಜೊತೆ ಕಲ್ಲಿನ ಪದರವನ್ನೂ ಎಬ್ಬಿಸುತ್ತದೆ. ಒಣಗಿದ ಮೆತ್ತನೆ ಬ್ರಷ್ಷು ಸಾಕು. ಸಂಪುಟದಲ್ಲಿಲ್ಲದ ಕಲ್ಲು ಎನಿಸಿದರೆ ಫೋಟೊ, ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಪುರಾತತ್ವ ಇಲಾಖೆಗೆ ಕಳುಹಿಸಿ. ಕಲ್ಲನ್ನು ಅಲುಗಿಸಬೇಡಿ.

ಇನ್ನು ಕೆರೆ. ‘ಒಂದು ಕೆರೆ’ ಎಂದು ನೀವು ಬರೆದ ಎರಡು ಪದದಲ್ಲಿ ಒಂದು ಇಡೀ ದಿನವಿದೆ. ಹೆಚ್ಚಾದ ನೀರು ಹೊರಹೋಗುವ ಕೋಡಿಯಿಂದ ಶುರುಮಾಡಿ ಏರಿಯ ಮೇಲೆ ನಡೆದು, ಗದ್ದೆಗೆ ನೀರು ಬಿಡುವ ತೂಬಿಗೆ ಬನ್ನಿ, ಅಲ್ಲಿಂದ ಕಾಲುವೆ ಹಿಡಿದು ಅಚ್ಚುಕಟ್ಟಿನ ಗದ್ದೆಗಳಿಗೆ ಇಳಿಯಿರಿ. ಏರಿಯ ಒಳಮೈಯ ಕಲ್ಲುಕಟ್ಟಡ, ತೂಬಿನ ಎರಡು ಕಂಬ, ಅವುಗಳ ಮೇಲಿನ ಉಬ್ಬುಚಿತ್ರ ನೋಡಿ. ಕೆರೆ ಕಟ್ಟಿಸಿದವರಿಗೆ, ದುರಸ್ತಿ ನೋಡಿಕೊಂಡವರಿಗೆ ಬಿಟ್ಟ ಗದ್ದೆಗೆ ಬಿತ್ತುವಟ್ಟ, ಕಟ್ಟುಕೊಡಗಿ ಎನ್ನುವ ಮಾತುಗಳು ಶಾಸನಗಳಲ್ಲಿ ಬರುತ್ತವೆ. ಅಂಥ ಶಾಸನ ಸಿಗುವುದು ಹೆಚ್ಚಾಗಿ ತೂಬಿನ ಹತ್ತಿರವೋ ಕೋಡಿಯ ಹತ್ತಿರವೋ. ನೀರು ಬಿಡುತ್ತಿದ್ದ ನೀರಗಂಟಿಯ ಮನೆತನ ಊರಲ್ಲಿ ಇನ್ನೂ ಇದ್ದರೆ ಅವರಿಗಿಂತ ಒಳ್ಳೆಯ ಗೈಡ್ ಇಲ್ಲ. ನಿಮ್ಮ ಕೆರೆಯ ಕೋಡಿ ನೀರು ಮುಂದೆ ಯಾವ ಕೆರೆಗೆ ಹೋಗುತ್ತದೆ ಎಂದು ಕೇಳಿ. ಎರಡನೆಯ ಭಾನುವಾರದ ದಾರಿ ಅದು.

ಪ್ರಶ್ನೆ: ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ನಮಗೆ ಒಮ್ಮೆಯೂ ಪಿಸುಮಾತು ಕೇಳಿಲ್ಲ, ಬರೀ ಕೂಗಾಟ. ಊರಿನವರಾಗಿ ಬೇರೇನು ನೋಡಬಹುದು? (ಓದುಗರು, ವಿಜಯಪುರ)

ಉತ್ತರ: ತಪ್ಪು ಗುಮ್ಮಟದ್ದಲ್ಲ, ಹೊತ್ತಿನದು. ಒಂದು ಚಪ್ಪಾಳೆ ಹಲವು ಸಲ ಮರುದನಿಯಾಗಿ ತಿರುಗುವ ಜಾಗದಲ್ಲಿ ಒಂದು ಶಾಲೆಯ ಮಕ್ಕಳು ಕೂಗಿದರೆ ದನಿಯ ಮೇಲೆ ದನಿ ಕೂತು ಏನೂ ಉಳಿಯುವುದಿಲ್ಲ. ವಾರದ ನಡುವಿನ ದಿನ, ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ ಏಳು ಅಂತಸ್ತು ಹತ್ತಿ ಮೇಲಿರಿ. ಇಬ್ಬರೂ ಗ್ಯಾಲರಿಯ ಎದುರುಬದುರು ನಿಂತು, ಮಾತಾಡುವವರು ಗೋಡೆಗೆ ಬಾಯಿ ಹತ್ತಿರ ತಂದು, ಕೇಳುವವರು ಗೋಡೆಗೆ ಕಿವಿ ಕೊಡಬೇಕು. ಪಿಸುಮಾತು ಬಾಗಿದ ಗೋಡೆಯನ್ನೇ ಹಿಡಿದು ಸಾಗುತ್ತದೆ. ಸುಮಾರು 38 ಮೀಟರ್ ಅಗಲದ ನಡುವಿನ ಬಯಲಿಗೆ ಮುಖ ಮಾಡಿ ಹೇಳಿದರೆ ಅಲ್ಲೇ ಕರಗುತ್ತದೆ.

ಆಮೇಲೆ ಗುಮ್ಮಟವನ್ನು ಬಿಟ್ಟು ನೀರಿನ ಜಾಡು ಹಿಡಿಯಿರಿ. ಆದಿಲಶಾಹಿ ವಿಜಯಪುರದಂಥ ದೊಡ್ಡ ಊರು ಈ ಒಣ ಸೀಮೆಯಲ್ಲಿ ಬದುಕಿದ್ದು ಹೇಗೆ ಎನ್ನುವುದೇ ಊರಿನ ದೊಡ್ಡ ಕತೆ. ತೊರವಿಯ ಸುರಂಗಬಾವಿಯ ಕಡೆಯಿಂದ ಶುರುಮಾಡಿ. ನೆಲದಡಿ ಹರಿಸಿ ತಂದ ನೀರನ್ನು ಊರೊಳಗೆ ಗಂಜ್ ಎನ್ನುವ ಕಲ್ಲಿನ ಗೋಪುರಗಳು ಒತ್ತಡ ತಗ್ಗಿಸಿ ಮುಂದಕ್ಕೆ ದಾಟಿಸುತ್ತಿದ್ದವು. ರಸ್ತೆಬದಿಯಲ್ಲಿ ಕೆಲಸವಿಲ್ಲದೆ ನಿಂತ ಚೌಕ ಗೋಪುರ ಕಂಡರೆ ಅದು ಗಂಜ್ ಇರಬಹುದು, ಹತ್ತಿರ ಹೋಗಿ ಕೊಳವೆಯ ತೂತು ಹುಡುಕಿ. ನಂತರ 1579ರ ಚಾಂದ್ ಬಾವಡಿ, ಕೊನೆಗೆ 1620ರ ತಾಜ್ ಬಾವಡಿ. ಎರಡರ ಕಮಾನುಗಳನ್ನು ಹೋಲಿಸಿದರೆ ನಲವತ್ತು ವರ್ಷದಲ್ಲಿ ಕಟ್ಟಿಸುವವರ ಕೈ ಎಷ್ಟು ದೊಡ್ಡದಾಯಿತು ಎಂದು ತಿಳಿಯುತ್ತದೆ. ಸಂಜೆ ಉಪಲಿ ಬುರುಜು ಹತ್ತಿದರೆ ಸುತ್ತಿಬಂದ ಜಾಡೆಲ್ಲ ಕೆಳಗೆ ಹಾಸಿರುತ್ತದೆ. ಸುರಂಗದ ಒಳಗೆ ಮಾತ್ರ ಯಾವ ಕಾರಣಕ್ಕೂ ಇಳಿಯಬೇಡಿ. ಕೆಟ್ಟ ಗಾಳಿ, ಹಾವು, ಸಡಿಲ ಮಣ್ಣು ಮೂರೂ ಇರುತ್ತವೆ. ಬಿಸಿಲ ದಿನಗಳಲ್ಲಿ ಈ ಇಡೀ ಜಾಡು ಸೈಕಲ್‌ಗೂ ಕಷ್ಟ, ಆಟೊ ಮಾಡಿಕೊಳ್ಳಿ.

ಪ್ರಶ್ನೆ: ಬೇಗೂರು ರಸ್ತೆಯ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಹುಟ್ಟೂರು ಬೇರೆ. ಬೆಂಗಳೂರು ನಮ್ಮದು ಎನಿಸುವಂಥದ್ದು ಹತ್ತಿರದಲ್ಲಿ ಏನಿದೆ? (ಓದುಗರು, ಬೆಂಗಳೂರು)

ಉತ್ತರ: ‘ಬೆಂಗಳೂರು’ ಎಂಬ ಹೆಸರು ಮೊದಲು ಕಾಣುವ ಕಲ್ಲಿನ ಪಕ್ಕದಲ್ಲೇ ಇದ್ದೀರಿ. ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿರುವ, ಕ್ರಿ.ಶ. 890ರ ಸುಮಾರಿನ ಗಂಗರ ಕಾಲದ ಆ ಶಾಸನ ಬೆಂಗಳೂರಿನ ಕಾಳಗವೊಂದನ್ನು ಹೆಸರಿಸುತ್ತದೆ. ಬೆಳಗ್ಗೆ ಏಳಕ್ಕೆ ಹೋಗಿ ಗುಡಿ, ಕಲ್ಲು ನೋಡಿ, ಕೆರೆಯ ಕಡೆ ನಡೆಯಿರಿ. ಎರಡು ಗಂಟೆಯ ಕೆಲಸ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಬೇಗೂರಿನ ಇನ್ನೊಂದು ದೊಡ್ಡ ವೀರಗಲ್ಲು, ಆನೆ ಕುದುರೆಗಳ ಕಾಳಗವೇ ಇಡೀ ಕಲ್ಲಿನ ತುಂಬ ಇರುವಂಥದ್ದು, ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಊರಿನಿಂದ ಹೋದ ಕಲ್ಲನ್ನು ಹಿಂಬಾಲಿಸಿ ಮುಂದಿನ ವಾರ ಅಲ್ಲಿಗೆ ಹೋಗಿ. ಅದೇ ಸಂಗ್ರಹಾಲಯದಲ್ಲಿ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ, ಕ್ರಿ.ಶ. 949–50ರ ಕಲ್ಲಿದೆ. ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತದ್ದಕ್ಕೆ ನಿಲ್ಲಿಸಿದ ಸ್ಮಾರಕ ಅದು. ನಾಯಿ ಸಾಕಿದವರು ಅದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ. ಹೊರಡುವ ಮೊದಲು ಸಂಗ್ರಹಾಲಯ ತೆರೆದಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಮೂರನೆಯ ವಾರ, ಮಳೆ ನಿಂತ ಮರುದಿನ, ನಗರದ ನಡುವಿನ ಇಲ್ಲದ ಕೆರೆಗಳಿಗೆ ಹೋಗಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿಯ ಅಂಗಳ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯದು. ಸಂಪಂಗಿಯ ಒಂದು ಸಣ್ಣ ಹೊಂಡ ಇನ್ನೂ ಉಳಿದಿದೆ, ಕರಗದ ಆಚರಣೆಗೆ ಬೇಕಾದ್ದರಿಂದ. ಪಶ್ಚಿಮಕ್ಕೆ ಇಳಿದ ಮಳೆನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ, ಪೂರ್ವಕ್ಕೆ ಇಳಿದದ್ದು ದಕ್ಷಿಣ ಪಿನಾಕಿನಿಗೆ. ನಿಮ್ಮ ಅಪಾರ್ಟ್‌ಮೆಂಟಿನ ಚರಂಡಿ ಯಾವ ನದಿಯದು ಎಂದು ಹೇಳಬಲ್ಲಿರಾ?

ಪ್ರಶ್ನೆ: ಮಕ್ಕಳಿಗೆ ಹತ್ತು ಮತ್ತು ಹನ್ನೆರಡು ವರ್ಷ. ಚರ್ಚು, ದೇವಸ್ಥಾನ ಎಂದರೆ ಮುಖ ಸಿಂಡರಿಸುತ್ತಾರೆ. (ಓದುಗರು, ಮಂಗಳೂರು)

ಉತ್ತರ: ಹಂಚಿನ ಬೇಟೆಗೆ ಕರೆದೊಯ್ಯಿರಿ. ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಕಾರ್ಖಾನೆಗಳು ಸಾಲುಗಟ್ಟಿದವು. ಪ್ರತಿಯೊಬ್ಬರೂ ಹಂಚಿನ ಮೇಲೆ ತಮ್ಮ ಹೆಸರು, ಗುರುತು, ಕೆಲವರು ಇಸವಿಯನ್ನೂ ಒತ್ತುತ್ತಿದ್ದರು. ಹಳೆಯ ಮನೆ ಕೆಡವುವ ಕಡೆ, ಮಾಡು ಬದಲಿಸುವ ಕಡೆ ಹಂಚು ಪೇರಿಸಿಟ್ಟಿರುತ್ತಾರೆ. ಮನೆಯವರನ್ನು ಕೇಳಿ, ಹಂಚನ್ನು ಮಗುಚಿ, ತೆಳು ಕಾಗದವನ್ನು ಗುರುತಿನ ಮೇಲೆ ಬಿಗಿಯಾಗಿ ಹಿಡಿದು ಮೇಣದ ಕ್ರೇಯಾನನ್ನು ಅಡ್ಡ ಮಲಗಿಸಿ ಉಜ್ಜಿದರೆ ಅಚ್ಚು ಏಳುತ್ತದೆ. ಪೆನ್ಸಿಲ್ಲಿನ ಮೊನೆ ಕಾಗದವನ್ನು ಹರಿಯುತ್ತದೆ. ಪಾಚಿ ಒದ್ದೆಯಿದ್ದರೆ ಏನೂ ಬರದು, ಹಾಗಾಗಿ ಮಳೆಗಾಲಕ್ಕೆ ಇದು ಬೇಡ. ಹಂಚು ಎರಡು ಮೂರು ಕಿಲೋ ತೂಗುತ್ತದೆ, ಪೇರಿಯ ಕೆಳಗಿನಿಂದ ಎಳೆಯಲು ಮಕ್ಕಳನ್ನು ಬಿಡಬೇಡಿ. ಏಳೆಂಟು ಬೇರೆ ಬೇರೆ ಗುರುತು ಸಿಕ್ಕಿದ ಮೇಲೆ ಬಲ್ಮಠದ ಕಡೆ ಹೋಗಿ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದೂ ಇದೇ ಮಿಷನ್ನಿನವರಿಂದ ಎಂದು ತೋರಿಸಿ. ಆಗ ಕೇಳುತ್ತಾರೆ. ಎರಡು ಗಂಟೆಗೆ ಮುಗಿಸಿ ಐಸ್‌ಕ್ರೀಂ ಕೊಡಿಸಿ. ಮೂರನೆಯ ಗಂಟೆಯಲ್ಲಿ ಕಲಿತದ್ದು ಯಾವ ಮಗುವಿನ ತಲೆಯಲ್ಲೂ ಉಳಿದ ದಾಖಲೆಯಿಲ್ಲ.

ಪ್ರಶ್ನೆ: ರಜೆ ಹಾಕಿ ಹೋದರೆ ಮ್ಯೂಸಿಯಂ ಬಾಗಿಲು ಹಾಕಿರುತ್ತದೆ. ಕ್ಯಾಮೆರಾ ತೆಗೆದರೆ ಕಾವಲಿನವರು ತಡೆಯುತ್ತಾರೆ. ನಿಯಮವೇನು? (ಓದುಗರು, ಬಾಗಲಕೋಟೆ)

ಉತ್ತರ: ಯಾರ ಕೈಯಲ್ಲಿದೆ ಎಂದು ಮೊದಲು ಬೋರ್ಡು ನೋಡಿ. ಕೇಂದ್ರದ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸ್ಥಳ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ರಾಜ್ಯ ಸರ್ಕಾರದವು ಸಾಮಾನ್ಯವಾಗಿ ಸೋಮವಾರ ಮುಚ್ಚಿರುತ್ತವೆ. ಮೈಸೂರು ಝೂ ಮಂಗಳವಾರ. ಸ್ಮಾರಕಕ್ಕೂ ಅದರ ಪಕ್ಕದ ಸಂಗ್ರಹಾಲಯಕ್ಕೂ ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತು ಇರುವುದರಿಂದಲೇ ಗೊಂದಲ. ಕೇಂದ್ರದ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಮೊಬೈಲಿನಲ್ಲೂ ಕೈ ಕ್ಯಾಮೆರಾದಲ್ಲೂ ಫೋಟೊಗೆ ಹೆಚ್ಚಿನ ಕಡೆ ಅಡ್ಡಿಯಿಲ್ಲ. ಜಗಳ ಹುಟ್ಟುವುದು ಟ್ರೈಪಾಡ್ ಬಿಚ್ಚಿದಾಗ. ಅದಕ್ಕೆ ಮೊದಲೇ ಅನುಮತಿ ಪಡೆಯಬೇಕು. ಡ್ರೋನ್ ಆಸೆ ಬಿಡಿ. ಪೂಜೆ ನಡೆಯುವ ಗರ್ಭಗುಡಿಯ ಫೋಟೊ ಯಾರ ಅನುಮತಿ ಇದ್ದರೂ ಬೇಡ.

ಪ್ರಶ್ನೆ: ಸ್ವಂತ ಊರಲ್ಲೇ ಲಾಡ್ಜ್‌ನಲ್ಲಿ ಒಂದು ರಾತ್ರಿ ಉಳಿಯುವುದು ಹುಚ್ಚೇ? (ಓದುಗರು, ಹುಬ್ಬಳ್ಳಿ)

ಉತ್ತರ: ಹೊಸ ಬಡಾವಣೆಯಲ್ಲಿ ಮನೆಯಿದ್ದು ನೋಡಬೇಕಾದದ್ದು ಹಳೇ ಪೇಟೆಯ ಬೆಳಗಿನ ಜಾವವಾದರೆ ಹುಚ್ಚಲ್ಲ. ಪೇಟೆ ಏಳುವುದನ್ನು ಐದಕ್ಕೇ ನೋಡಬಹುದು. ಆದರೆ ಅದೇ ಊರಿನ ವಿಳಾಸದ ಆಧಾರ್ ತೋರಿಸಿದರೆ ಕೋಣೆ ಕೊಡದ ಲಾಡ್ಜುಗಳು ಬಹಳ. ಮೊದಲೇ ಫೋನಿನಲ್ಲಿ ಕೇಳಿ, ದುಡ್ಡು ಆಮೇಲೆ ಕಟ್ಟಿ. ಆಗದಿದ್ದರೆ ಮೊದಲ ಸಿಟಿ ಬಸ್ಸು ಹಿಡಿದರೂ ಆಯಿತು.

ಪ್ರಶ್ನೆ: ಅಮ್ಮನಿಗೆ 78 ವರ್ಷ, ಮಂಡಿನೋವು. ಊರಿನ ಬಗ್ಗೆ ನಮ್ಮೆಲ್ಲರಿಗಿಂತ ಹೆಚ್ಚು ಗೊತ್ತಿರುವುದು ಅವರಿಗೇ. ಹೇಗೆ ಕರೆದೊಯ್ಯಲಿ? (ಓದುಗರು, ದಾವಣಗೆರೆ)

ಉತ್ತರ: ಎರಡು ಗಂಟೆಗೆ ಆಟೊ ಗೊತ್ತುಮಾಡಿ. ಕಾರಿಗಿಂತ ಆಟೊ ಮೇಲು, ನಿಧಾನ ಹೋಗುತ್ತದೆ, ಎರಡೂ ಪಕ್ಕ ಕಾಣುತ್ತದೆ, ಓಣಿಗೂ ನುಗ್ಗುತ್ತದೆ. ನಾಲ್ಕು ಕಡೆ ಮಾತ್ರ ನಿಲ್ಲಿಸಿ, ಅದರಲ್ಲಿ ಒಂದು ಶೌಚಾಲಯವಿರುವ ಕಡೆಯಾಗಿರಲಿ. ‘ಆಗ ಹೇಗಿತ್ತು’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂಬ ಉತ್ತರವಷ್ಟೇ ಬರುತ್ತದೆ. ನೀರು ಎಲ್ಲಿಂದ ಹೊರುತ್ತಿದ್ದಿರಿ? ಟೆಂಟ್ ಸಿನಿಮಾ ಯಾವ ಬಯಲಲ್ಲಿತ್ತು? ಜಟಕಾ ಎಲ್ಲಿ ನಿಲ್ಲುತ್ತಿತ್ತು? ರೇಷನ್ನಿನ ಸಾಲು ಎಲ್ಲಿಂದ ಎಲ್ಲಿಯವರೆಗೆ? ಮಿಲ್ಲಿನ ಸೈರನ್ ಎಷ್ಟಕ್ಕೆ ಕೂಗುತ್ತಿತ್ತು? ಹತ್ತಿಮಿಲ್ಲುಗಳ ಊರಾದ ದಾವಣಗೆರೆಯಲ್ಲಿ ಈ ಕೊನೆಯ ಪ್ರಶ್ನೆಗೆ ಒಂದೊಂದು ಓಣಿಯಲ್ಲೂ ಒಂದೊಂದು ಉತ್ತರ ಸಿಗುತ್ತದೆ. ಆಟೊ ಓಡುವಾಗ ಧ್ವನಿಮುದ್ರಣ ಮಾಡಬೇಡಿ, ಇಂಜಿನ್ನಿನ ಸದ್ದೇ ತುಂಬಿರುತ್ತದೆ. ನಿಲ್ಲಿಸಿ, ಇಂಜಿನ್ ಆರಿಸಿ, ಫೋನನ್ನು ಅವರ ಮಡಿಲಲ್ಲಿಡಿ.

ಪ್ರಶ್ನೆ: ಗುರುತಿನವರೆಲ್ಲ ‘ಏನ್ ಇಲ್ಲಿ?’ ಎಂದು ಕೇಳುತ್ತಾರೆ. ಮುಜುಗರವಾಗುತ್ತದೆ. (ಓದುಗರು, ಹಾಸನ)

ಉತ್ತರ: ನಿಜ ಹೇಳಿ. ‘ಹಳೇ ಕಲ್ಲು ಹುಡುಕ್ತಾ ಇದೀನಿ’ ಎಂದರೆ ಹತ್ತರಲ್ಲಿ ಒಬ್ಬರಾದರೂ ‘ನಮ್ಮ ಹಿತ್ತಲಲ್ಲಿ ಒಂದಿದೆ ಬನ್ನಿ’ ಎನ್ನುತ್ತಾರೆ. ಸುಳ್ಳು ಸರ್ವೆಯ ನೆಪ ಮಾತ್ರ ಬೇಡ. ಜಮೀನು, ರಸ್ತೆ ಅಗಲೀಕರಣ ಎಂದು ಊರೆಲ್ಲ ಗಾಬರಿ ಬೀಳುತ್ತದೆ.

ಪ್ರಶ್ನೆ: ಯಾವ ಕಾಲ ಒಳ್ಳೆಯದು? (ಓದುಗರು, ಚಿತ್ರದುರ್ಗ)

ಉತ್ತರ: ಏನನ್ನು ನೋಡುತ್ತೀರಿ ಎನ್ನುವುದರ ಮೇಲಿದೆ. ಕೋಡಿ ಹರಿಯುವುದನ್ನು ನೋಡಲು ಬಯಲುಸೀಮೆಯಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್. ಪೇಟೆಬೀದಿಗೆ ಡಿಸೆಂಬರ್, ಜನವರಿ. ಕಲ್ಲು ಹುಡುಕುವವರಿಗೆ ಮಾತ್ರ ಎಲ್ಲರೂ ಬಯ್ಯುವ ಏಪ್ರಿಲ್, ಮೇ ತಿಂಗಳುಗಳೇ ಬೇಕು. ಹೊಲದಲ್ಲಿ ಬೆಳೆಯಿರುವುದಿಲ್ಲ, ಪೊದೆ ಒಣಗಿರುತ್ತದೆ, ಕೆರೆಯ ನೀರು ಇಳಿದು ತೂಬಿನ ಬುಡದ ಕಲ್ಲು ಹೊರಬಿದ್ದಿರುತ್ತದೆ. ಆರಕ್ಕೆ ಹೊರಟು ಹತ್ತರೊಳಗೆ ನೆರಳು ಸೇರಿ. ತಲೆಗೆ ಎರಡು ಲೀಟರ್ ನೀರು, ಮೊಣಕಾಲಿನ ತನಕ ಮುಚ್ಚುವ ಪ್ಯಾಂಟು, ಒಂದು ಕೋಲು. ಒಣಗಿದಂತೆ ಕಾಣುವ ಕೆರೆಯಂಗಳದ ಬಿರುಕು ಮಣ್ಣಿನ ಕೆಳಗೆ ಕೆಸರಿರುತ್ತದೆ. ಮುಂದೆ ಕೋಲು ಊರಿ ನೋಡಿ ಆಮೇಲೆ ಕಾಲಿಡಿ.